ಬೆಂಗಳೂರಿನ ವಸಂತ ಕೈತಪ್ಪದಿರಲು: ಹೂಮರ, ಪುಸ್ತಕ, ಪಾನಕಕ್ಕೆ ಒಂದು ಕೈಪಿಡಿ

ಫೆಬ್ರವರಿ ಬಂತೆಂದರೆ ಓದುಗರ ಕಡೆಯಿಂದ ಅದೇ ಪ್ರಶ್ನೆ: "ಆ ಪಿಂಕ್ ಹೂವಿನ ಮರಗಳು ಎಲ್ಲಿವೆ? ಈ ಭಾನುವಾರ ಹೋದರೆ ನೋಡೋಕೆ ಸಿಗುತ್ತಾ?" ಮಾರ್ಚ್ ಕೊನೆಗೆ ಇನ್ನೊಂದು ಬರುತ್ತದೆ: "ಹೋಗಿದ್ವಿ, ಏನೂ ಇರಲಿಲ್ಲ. ಬರೀ ಬಿಸಿಲು."

ಎರಡಕ್ಕೂ ಉತ್ತರ ಒಂದೇ. ಬೆಂಗಳೂರಿನಲ್ಲಿ ಜನವರಿ ಕೊನೆಯಿಂದ ಮೇ ತಿಂಗಳವರೆಗೆ ಮರಗಳು ಪಾಳಿ ಹಾಕಿಕೊಂಡು ಹೂ ಬಿಡುತ್ತವೆ. ಒಂದೊಂದು ಮರ ಮೈತುಂಬಾ ಹೂವಾಗಿ ನಿಲ್ಲುವುದು ಒಂದೆರಡು ವಾರ ಮಾತ್ರ. ಯಾವ ಮರದ ಪಾಳಿ ಯಾವಾಗ ಅಂತ ಗೊತ್ತಿದ್ದರೆ ಜಾಗ ಹುಡುಕುತ್ತಾ ಅಲೆಯಬೇಕಿಲ್ಲ, ನಿಮ್ಮ ಬೀದಿಯಲ್ಲೇ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಎಲ್ಲಿಗೆ ಹೋದರೂ ಒಂದು ವಾರ ತಡವಾಗಿಯೇ ಹೋಗಿರುತ್ತೀರಿ.

ಜೊತೆಗೆ ಒಂದು ನಿಯಮ ಇಟ್ಟುಕೊಳ್ಳಿ: ಒಂದು ಬೆಳಿಗ್ಗೆಗೆ ಒಂದೇ ಜಾಗ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಚರ್ಚ್ ಸ್ಟ್ರೀಟ್ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ನೆನಪಲ್ಲಿ ಉಳಿಯುವುದು ಟ್ರಾಫಿಕ್ಕು ಮಾತ್ರ.

ಏನೇನು ಬೇಕು

ಜಾಸ್ತಿ ಏನೂ ಬೇಡ. ನೀರಿನ ಬಾಟಲಿ, ಟೋಪಿ, ಕೂರಲು ಹಾಸಿಕೊಳ್ಳುವಂಥ ಹಳೆಯ ಟವೆಲ್, ತೆಳ್ಳನೆಯ ಒಂದು ಪುಸ್ತಕ, ಒಂದು ಪೆನ್ಸಿಲ್. ಹಕ್ಕಿ ನೋಡುವ ಆಸೆಯಿದ್ದರೆ ಬೈನಾಕ್ಯುಲರ್ ಇರಲಿ. ಅದರ ಮೇಲೆ 8×42 ಅಂತ ಬರೆದಿದ್ದರೆ, ವಸ್ತು 8 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇದೆ ಎಂದರ್ಥ. ಪಾರ್ಕಿಗೆ ಅದು ಬೇಕಾದಷ್ಟಾಯಿತು. ಫೋಟೊಗೆ ಫೋನ್ ಸಾಕು. ದೊಡ್ಡ ಕ್ಯಾಮೆರಾ, ಸ್ಟ್ಯಾಂಡು, ಮದುವೆಯ ಫೋಟೊ ತೆಗೆಸುವ ತಯಾರಿ ಇಟ್ಟುಕೊಂಡು ಹೋದರೆ ತೋಟಗಾರಿಕೆ ಇಲಾಖೆಯ ಅನುಮತಿ ಕೇಳುತ್ತಾರೆ, ಗೇಟಿನಲ್ಲೇ ವಾದಕ್ಕೆ ನಿಲ್ಲಬೇಕಾಗುತ್ತದೆ.

ಹಂತ 1: ಮರಗಳ ಪಾಳಿ ತಿಳಿದುಕೊಳ್ಳಿ

ಈ ಹಂತಕ್ಕೆ ಸ್ವಲ್ಪ ಸಮಯ ಕೊಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಆ ಪಿಂಕ್ ಮರ. ಅದರ ಹೆಸರು ಟಬೆಬುಯಾ. ಕೆಲವರು ಇದನ್ನು ಚೆರಿ ಬ್ಲಾಸಮ್ ಅನ್ನುತ್ತಾರೆ. ಅಲ್ಲ, ಚೆರಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಮರ. ಊರಲ್ಲಿ ಇದರ ಮೂರು ಬಗೆ ಕಾಣುತ್ತವೆ. ಗಾಢ ಗುಲಾಬಿಯದು ಜನವರಿ, ಫೆಬ್ರವರಿಯಲ್ಲಿ ಬರುತ್ತದೆ. ಹಳದಿಯದು ಫೆಬ್ರವರಿ, ಮಾರ್ಚ್‌ನಲ್ಲಿ. ತಿಳಿ ಗುಲಾಬಿಯದು ಚಳಿಗಾಲದಲ್ಲೇ ಒಮ್ಮೆ ಮುಖ ತೋರಿಸಿ, ಮಾರ್ಚ್ ಹೊತ್ತಿಗೆ ಮತ್ತೆ ಬರುವುದುಂಟು. ಆದ್ದರಿಂದ "ಪಿಂಕ್ ಮುಗಿದುಹೋಯ್ತು" ಅಂತ ಯಾರಾದರೂ ಹೇಳಿದರೆ, ಯಾವ ಪಿಂಕ್ ಅಂತ ಕೇಳಿ.

ಹೂ ಬಿಡುವಾಗ ಈ ಮರಗಳಲ್ಲಿ ಎಲೆ ಇರುವುದಿಲ್ಲ, ಇದ್ದರೂ ತೀರಾ ಕಡಿಮೆ. ಒಣ ತಿಂಗಳಲ್ಲಿ ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತವೆ. ಎಲೆಯ ಮರೆ ಇಲ್ಲದ ಹೂವು ಜೇನುಹುಳಕ್ಕೆ ದೂರದಿಂದಲೇ ಕಾಣುತ್ತದೆ. ಹಾಗಾಗಿ ಜನವರಿಯಲ್ಲಿ ಬೋಳಾಗಿ ನಿಂತ ಮರ ಕಂಡರೆ ಒಣಗಿದೆ ಅಂದುಕೊಂಡು ಮುಂದೆ ಹೋಗಬೇಡಿ. ಕೊಂಬೆಯ ತುದಿ ನೋಡಿ. ಅಲ್ಲಿ ಮೊಗ್ಗಿನ ಗೊಂಚಲು ಊದಿಕೊಂಡಿದ್ದರೆ ಕೆಲವೇ ದಿನಗಳಲ್ಲಿ ಹೂವು.

ಇದೇ ಹೊತ್ತಿಗೆ ನಮ್ಮ ನೆಲದ ಮರಗಳೂ ಕೆಂಪಾಗಿರುತ್ತವೆ. ಬೂರುಗ, ಹಾಲವಾಣ, ಮುತ್ತುಗ. ಬೂರುಗದ ಹೂವು ದಪ್ಪ, ತಿರುಳಿನಂಥ ಎಸಳು, ಒಳಗೆ ಮಕರಂದ ಜಾಸ್ತಿ. ಬೆಳಿಗ್ಗೆ ಹೋದರೆ ಮೈನಾ, ಗಿಳಿ, ಕಾಗೆ ಎಲ್ಲವೂ ಅದೇ ಮರದಲ್ಲಿ ಜಗಳ ಆಡುತ್ತಿರುತ್ತವೆ. ಮುತ್ತುಗ ಊರೊಳಗೆ ಅಪರೂಪ. ಮಾಗಡಿ, ಕನಕಪುರ ಕಡೆಯ ಕುರುಚಲು ಕಾಡಿನ ಅಂಚಿನಲ್ಲಿ ನೋಡಬೇಕು. ಫೋಟೊ ಹಂಚುವವರು ಈ ಮೂರನ್ನೂ ಬಿಟ್ಟು ಟಬೆಬುಯಾ ಹಿಂದೆ ಯಾಕೆ ಬಿದ್ದಿದ್ದಾರೋ ನನಗಂತೂ ಅರ್ಥ ಆಗಿಲ್ಲ.

ಮಾರ್ಚ್ ಬಂದರೆ ಜಕರಂಡಾ. ನೇರಳೆ ಬಣ್ಣದ ಗಂಟೆಯಾಕಾರದ ಹೂವು, ಜರೀಗಿಡದ ಎಲೆಯಷ್ಟು ಸಣ್ಣಗೆ ಸೀಳಿದ ಎಲೆ. ಬೇವು ಮತ್ತು ಹೊಂಗೆ ಹೂ ಬಿಡುವುದೂ ಆಗಲೇ. ಹೊಂಗೆಯನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ನೀವು ತಲೆ ತಗ್ಗಿಸಿ ನೋಡಿ: ಮರದ ಕೆಳಗೆ ಅರಳು ಚೆಲ್ಲಿದ ಹಾಗೆ ಬಿಳಿ, ನಸುಗೆಂಪು ಹೂವು ಬಿದ್ದಿರುತ್ತದೆ. ಮೇಲೆ ಜೇನುಹುಳದ ಸದ್ದು. ಅದೇ ವಾರಗಳಲ್ಲಿ ಅರಳಿ ಮರದ ಚಿಗುರು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಬೆಳಗಿನ ಬಿಸಿಲು ಆ ಎಲೆಗಳ ಹಿಂದಿನಿಂದ ಬೀಳುವ ಕಡೆ ನಿಂತು ನೋಡಬೇಕು. ನನ್ನ ಮಟ್ಟಿಗೆ ಇದು ಯಾವ ಹೂವಿಗೂ ಕಡಿಮೆಯಿಲ್ಲ.

ಏಪ್ರಿಲ್, ಮೇ ತಿಂಗಳು ಗುಲ್‌ಮೊಹರ್, ಹಳದಿ ಗುಲ್‌ಮೊಹರ್, ಕಕ್ಕೆ, ಹೊಳೆದಾಸವಾಳದ ಪಾಳಿ. ಕಕ್ಕೆಯ ಹೂಗೊಂಚಲು ಕೆಳಕ್ಕೆ ಇಳಿಬಿದ್ದಿರುತ್ತದೆ, ಹಳದಿ ಗುಲ್‌ಮೊಹರಿನದು ಮೇಲಕ್ಕೆ ಎದ್ದು ನಿಂತಿರುತ್ತದೆ. ಎರಡೂ ಹಳದಿ, ಆದರೆ ಇಷ್ಟು ಗಮನಿಸಿದರೆ ಗೊಂದಲವಿಲ್ಲ.

ಈ ಪಾಳಿ ತನ್ನಷ್ಟಕ್ಕೆ ಆದದ್ದಲ್ಲ. ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಕ್ರುಂಬೀಗಲ್ 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದರು. ಒಂದು ರಸ್ತೆಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ರಸ್ತೆಯದು ಶುರುವಾಗಬೇಕು ಅನ್ನುವ ಲೆಕ್ಕದಲ್ಲಿ ಮರ ನೆಡಿಸಿದರು. ಇದನ್ನು ಸರಣಿ ಹೂಬಿಡಿಕೆ ಎನ್ನುತ್ತಾರೆ. ನಂತರ 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರ ಮುಂದಾಳತ್ವದಲ್ಲಿ ಊರಿನ ರಸ್ತೆಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಲಾಯಿತು. ನಾವು ಫೋಟೊ ತೆಗೆದುಕೊಳ್ಳುತ್ತಿರುವುದು ಅವರ ದುಡಿಮೆಯ ಮುಂದೆ.

ಹಂತ 2: ಮನೆ ಹತ್ತಿರದ ಒಂದು ಮರ ಆರಿಸಿಕೊಳ್ಳಿ

ಹಾಲು ತರುವ ದಾರಿಯಲ್ಲೋ, ಬಸ್ ಸ್ಟಾಪಿನ ಎದುರೋ, ದಿನಾ ಕಣ್ಣಿಗೆ ಬೀಳುವ ಮರ ಇರಲಿ. ವಾರಕ್ಕೊಮ್ಮೆ ಒಂದೇ ಜಾಗದಿಂದ ಫೋಟೊ ತೆಗೆದಿಡಿ. ಮೊಗ್ಗು, ಹೂ, ಕಾಯಿ ಯಾವಾಗ ಬಂತು ಅಂತ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಸಾಲು ಬರೆಯಿರಿ. ಮುಂದಿನ ವರ್ಷ ನೀವು ಯಾರನ್ನೂ ಕೇಳಬೇಕಾಗಿಲ್ಲ. ನಿಮ್ಮ ಬೀದಿಯ ಮರ ಹೂ ಬಿಟ್ಟಾಗ ಊರಿನ ಅದೇ ಜಾತಿಯ ಉಳಿದ ಮರಗಳೂ ಹೆಚ್ಚುಕಮ್ಮಿ ಅದೇ ಹಾದಿಯಲ್ಲಿರುತ್ತವೆ.

ಫೋಟೊಗೋಸ್ಕರ ಕೊಂಬೆ ಅಲುಗಿಸಿ ಹೂ ಉದುರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಿದ್ದದ್ದೇ ಬೇಕಾದಷ್ಟಿರುತ್ತದೆ.

ಹಂತ 3: ಬೆಳಿಗ್ಗೆ ಹೊರಡಿ, 9ರೊಳಗೆ ನೆರಳು ಸೇರಿ

ನಮ್ಮ ಊರು ತಂಪು ಅನ್ನುವ ಮಾತು ಏಪ್ರಿಲ್ ಮಧ್ಯಾಹ್ನಕ್ಕೆ ನಡೆಯುವುದಿಲ್ಲ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. 10 ಗಂಟೆಗೆ ಮನೆ ಬಿಡುವ ಯೋಜನೆ ಇದ್ದರೆ ಸುಮ್ನೆ ಮನೆಯಲ್ಲೇ ಇರಿ.

ಕಬ್ಬನ್ ಪಾರ್ಕ್‌ಗೆ ಭಾನುವಾರ ಒಳ್ಳೆಯ ದಿನ. ಅವತ್ತು ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಪಾರ್ಕ್ ಪಕ್ಕದಲ್ಲೇ. ಎಡವಟ್ಟಾಗುವುದು ಇಲ್ಲೇ: ಭಾನುವಾರ ಮೆಟ್ರೊ ಶುರುವಾಗುವುದು ಬೆಳಿಗ್ಗೆ 7ಕ್ಕೆ. 6 ಗಂಟೆಯ ಮಂಜು ನೋಡಬೇಕೆಂದರೆ ಬೇರೆ ಗಾಡಿ ನೋಡಿಕೊಳ್ಳಿ, ಇಲ್ಲವೇ ವಾರದ ದಿನ ಹೋಗಿ. ಈ ಪಾರ್ಕನ್ನು ರೂಪಿಸಿದ್ದು 1870ರಲ್ಲಿ, ರಿಚರ್ಡ್ ಸ್ಯಾಂಕಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದಾಗ. ದೊಡ್ಡ ಮರಗಳಡಿ ನಡೆಯುವಾಗ ಬಿದಿರು ಮೆಳೆಗಳ ಕಡೆಗೂ ಒಂದು ಸುತ್ತು ಹಾಕಿ, ಅಲ್ಲಿ ಜನ ಕಡಿಮೆ.

ಲಾಲ್‌ಬಾಗಿಗೆ ಹಸಿರು ಮಾರ್ಗದ ಮೆಟ್ರೊ. ಗೇಟು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಈಗ 240 ಎಕರೆ. ಹೊಸಬರು ಮಾಡುವ ತಪ್ಪು ಏನೆಂದರೆ, ನೇರ ಗಾಜಿನ ಮನೆಗೆ ಹೋಗಿ, ಅಲ್ಲಿ ಒಂದು ಫೋಟೊ ತೆಗೆದು, ವಾಪಸ್ ಬರುವುದು. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಗಾಜಿನ ಮನೆ ಸರಿ. ವಸಂತದಲ್ಲಿ ಕೆರೆಯ ಕಡೆ ನಡೆಯಿರಿ, ಅಲ್ಲಿನ ಹಳೆಯ ದೈತ್ಯ ಬಿಳಿ ಬೂರುಗದ ಬುಡ ನೋಡಿ. ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತುವುದಿದ್ದರೆ ಮೊದಲು ಅದನ್ನೇ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು, 9 ಗಂಟೆ ದಾಟಿದರೆ ಕಾಲು ಸುಡುತ್ತದೆ.

ಪಾರ್ಕೇ ಬೇಡ ಅನ್ನುವವರು ಜಯನಗರ, ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ನಡೆಯಿರಿ. ಮಲ್ಲೇಶ್ವರದವರಿಗೆ ಸ್ಯಾಂಕಿ ಕೆರೆ ಇದೆ.

ಒಂದು ಎಚ್ಚರಿಕೆ. ದೊಡ್ಡ ಮರಗಳಲ್ಲಿ, ಎತ್ತರದ ಕಟ್ಟಡಗಳಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತದೆ. ಗಾಢ ಸೆಂಟು ಹಾಕಿಕೊಂಡು ಹೋಗಬೇಡಿ, ಕೆಳಗೆ ಬೀಡಿ ಸಿಗರೇಟು ಹಚ್ಚಬೇಡಿ, ಮಕ್ಕಳು ಕಲ್ಲು ಎಸೆಯದಂತೆ ನೋಡಿಕೊಳ್ಳಿ. ಹುಳ ಎದ್ದರೆ ಕೈ ಬೀಸುತ್ತಾ ನಿಲ್ಲದೆ ಮುಖ ಮುಚ್ಚಿಕೊಂಡು ದೂರ ಓಡಿ, ಯಾವುದಾದರೂ ಮುಚ್ಚಿದ ಜಾಗ ಸೇರಿ.

ಹಂತ 4: ಪುಸ್ತಕ ಆರಿಸುವುದು

ವಸಂತದಲ್ಲಿ ಯಾವ ಪುಸ್ತಕ ಓದಬೇಕು ಅಂತ ಕೇಳುವವರಿಗೆ ನನ್ನ ಸಲಹೆ: ದಪ್ಪ ಕಾದಂಬರಿಯನ್ನು ಮಳೆಗಾಲಕ್ಕೆ ಎತ್ತಿಡಿ. ಹೊರಗೆ ಕೂತು ಓದುವಾಗ ಎರಡು ಪುಟಕ್ಕೊಮ್ಮೆ ತಲೆ ಎತ್ತಬೇಕು ಅನ್ನಿಸುತ್ತದೆ. ಕೋಗಿಲೆ ಕೂಗುತ್ತದೆ, ಅಳಿಲು ಓಡುತ್ತದೆ, ಪಕ್ಕದ ಬೆಂಚಿನ ಹಿರಿಯರು ಮೊಮ್ಮಗಳ ಮದುವೆ ಮಾತಾಡುತ್ತಾರೆ. ಅಂಥ ಕಡೆ ಎಲ್ಲಿ ಬೇಕಾದರೂ ನಿಲ್ಲಿಸಿ ಮತ್ತೆ ಶುರು ಮಾಡಬಹುದಾದ ಓದು ಬೇಕು. ಕವನ ಸಂಕಲನ ಒಳ್ಳೆಯದು. ಲಲಿತ ಪ್ರಬಂಧ, ಅಂದರೆ ಹರಟೆಯ ಧಾಟಿಯಲ್ಲಿ ಸಾಗುವ ಹಗುರ ಬರಹ, ಅದಕ್ಕಿಂತ ಒಳ್ಳೆಯದು. ಸಣ್ಣ ಕಥೆಯೂ ಆದೀತು, ಒಂದು ಸಲ ಕೂತರೆ ಒಂದು ಕಥೆ. ಜೊತೆಗೆ ಮರ ಗುರುತಿಸಲು ನೆರವಾಗುವ ಚಿತ್ರಗಳಿರುವ ಕೈಪಿಡಿ ಒಂದಿರಲಿ.

ಕೊಳ್ಳಲು ಗಾಂಧಿಬಜಾರಿನ ಅಂಕಿತ ಪುಸ್ತಕ ಇದೆ, ಗಾಂಧಿನಗರದ ಸಪ್ನ ಇದೆ. ಹಳೆಯ ಪುಸ್ತಕ ಕೆದಕುವ ಚಟ ಇದ್ದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ಗೆ ಹೋಗಿ. ದುಡ್ಡು ಖರ್ಚು ಮಾಡದೆ ಓದಬೇಕೆಂದರೆ ಕಬ್ಬನ್ ಪಾರ್ಕಿನೊಳಗೇ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಅದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಸೋಮವಾರ ರಜೆ, ಅವತ್ತು ಹೋಗಬೇಡಿ. ಬಸವನಗುಡಿಯವರಿಗೆ 1945ರಲ್ಲಿ ಶುರುವಾದ ವರ್ಲ್ಡ್ ಕಲ್ಚರ್ ಸಂಸ್ಥೆಯ ಗ್ರಂಥಾಲಯ ಹತ್ತಿರ. ಬಿಸಿಲು ಏರಿದ ಮೇಲೆ ಇಂಥ ಹಳೆಯ ಕಟ್ಟಡಗಳ ಒಳಗಿನ ತಂಪು ಬೇರೆಯದೇ ಸುಖ.

ಒಬ್ಬರೇ ಕೂತು ಓದಲು ಮುಜುಗರ ಆಗುತ್ತದೆ ಅಂತ ಹಲವರು ಹೇಳುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು. ಅಂಥವರು ಶನಿವಾರ ಕಬ್ಬನ್ ಪಾರ್ಕಿನಲ್ಲಿ ಸೇರುವ ಕಬ್ಬನ್ ರೀಡ್ಸ್ ನೋಡಬಹುದು. ಚಾಪೆ ಹಾಸಿಕೊಂಡು, ಯಾರೂ ಯಾರ ಜೊತೆಗೂ ಮಾತಾಡದೆ, ತಂತಮ್ಮ ಪುಸ್ತಕ ಓದುತ್ತಾರೆ. ಪರಿಚಯ ಹೇಳಿಕೊಳ್ಳುವ ಕಾಟ ಇಲ್ಲ, ಚರ್ಚೆಯ ಒತ್ತಾಯ ಇಲ್ಲ. ಕನ್ನಡ ಪುಸ್ತಕ ಹಿಡಿದು ಹೋದರೆ ಇನ್ನೂ ಚೆಂದ.

ಕೂರುವ ಮೊದಲು ನೆಲ ನೋಡಿ. ಬಿಳಿ ಹಿಕ್ಕೆಯ ಗುರುತು ತುಂಬಾ ಇದ್ದರೆ ಮೇಲೆ ಹಕ್ಕಿಗಳ ಬೀಡಿದೆ ಎಂದರ್ಥ. ಸಾಲು ಇರುವೆ ಇದ್ದರೂ ಜಾಗ ಬದಲಿಸಿ.

ಹಂತ 5: ಬಾಯಿಗೂ ವಸಂತ ಬೇಕು, ಅಲ್ವಾ?

ಮಾವಿನಕಾಯಿ ಮೊದಲು ಬರುತ್ತದೆ, ಹಣ್ಣು ಆಮೇಲೆ. ಮಾರ್ಚ್‌ನಲ್ಲಿ ತಳ್ಳುಗಾಡಿಯಲ್ಲಿ ಗಿಣಿಮೂತಿ ಮಾವಿನಕಾಯಿ ಸೀಳಿ ಉಪ್ಪುಖಾರ ಹಚ್ಚಿ ಕೊಡುತ್ತಾರೆ. ಮೊದಲೇ ಹೆಚ್ಚಿಟ್ಟದ್ದನ್ನು ಬಿಟ್ಟು, ಎದುರಿಗೇ ಹೆಚ್ಚಿಸಿಕೊಳ್ಳಿ. ತಾಟಿನಿಂಗು ಕೊಳ್ಳುವಾಗಲೂ ಅಷ್ಟೇ: ನಿಮ್ಮ ಮುಂದೆ ಕಾಯಿ ಕೆತ್ತಿ ತೆಗೆದದ್ದಾಗಿರಲಿ, ಒತ್ತಿದರೆ ಮೆತ್ತಗಿರಲಿ. ಗಟ್ಟಿ ಇದ್ದರೆ ಬಲಿತಿದೆ, ಹೊಟ್ಟೆನೋವು ಗ್ಯಾರಂಟಿ. ರಸಪುರಿ, ಬಾದಾಮಿ ಹಣ್ಣಿಗೆ ಏಪ್ರಿಲ್ ಕೊನೆ, ಮೇ ತನಕ ಕಾಯಿರಿ. ಮಾರ್ಚ್‌ನಲ್ಲೇ ಹಳದಿಯಾಗಿ ಹೊಳೆಯುವ ಹಣ್ಣು ನೋಡಿ ಮರುಳಾದರೆ ಹುಳಿಯೂ ಇಲ್ಲದ ಸಿಹಿಯೂ ಇಲ್ಲದ ತಿರುಳು ಸಿಗುತ್ತದೆ.

ಯುಗಾದಿಯ ಬೇವುಬೆಲ್ಲಕ್ಕೆ ಹೂವು ಕೀಳುವುದಾದರೆ ರಸ್ತೆ ಬದಿಯ ಮರ ಬೇಡ, ಧೂಳು ಕೂತಿರುತ್ತದೆ. ಬೆಳಿಗ್ಗೆ ಮರದ ಕೆಳಗೆ ಬಟ್ಟೆ ಹಾಸಿ ಬಿದ್ದ ಹೂವನ್ನೇ ಆರಿಸಿಕೊಳ್ಳಬಹುದು. ಉಳಿದದ್ದನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿ, ತುಪ್ಪದಲ್ಲಿ ಹುರಿದು ತಂಬುಳಿ ಮಾಡಿದರೆ ಬೇಸಿಗೆಯಿಡೀ ಆಗುತ್ತದೆ. ಹಬ್ಬದ ಹೋಳಿಗೆ ಬಗ್ಗೆ ನಾನು ಹೇಳುವುದೇನಿದೆ? ಆದರೆ ಬೇಳೆ ಬೇಯಿಸಿದ ಕಟ್ಟನ್ನು ಮಾತ್ರ ಚೆಲ್ಲಬೇಡಿ. ಅದರಲ್ಲಿ ಮಾಡಿದ ಒಬ್ಬಟ್ಟಿನ ಸಾರು ಮಾರನೇ ದಿನಕ್ಕೆ ಇನ್ನೂ ರುಚಿ.

ರಾಮನವಮಿಗೆ ಪಾನಕ, ಮಜ್ಜಿಗೆ, ಕೋಸಂಬರಿ. ಪಾನಕಕ್ಕೆ ಒಂದು ಲೋಟ ಪುಡಿಬೆಲ್ಲಕ್ಕೆ ನಾಲ್ಕು ಲೋಟ ನೀರು, ಒಂದು ನಿಂಬೆಹಣ್ಣು, ಅರ್ಧ ಚಮಚ ಶುಂಠಿಪುಡಿ, ಎರಡು ಏಲಕ್ಕಿ, ಚಿಟಿಕೆ ಕಾಳುಮೆಣಸಿನ ಪುಡಿ. ಬೆಲ್ಲ ಕರಗಿದ ಮೇಲೆ ಸೋಸಲೇಬೇಕು, ಕಸ ಇರುತ್ತದೆ. ಕೋಸಂಬರಿಗೆ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿದರೆ ಸಾಕು. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಕೋಸಂಬರಿ ಸಪ್ಪೆಯಾಗುತ್ತದೆ.

ಹಂತ 6: ಸಂಜೆ ಮತ್ತು ಒಂದು ರಾತ್ರಿ

ರಾಮನವಮಿಯ ಸುತ್ತಮುತ್ತ ಊರ ತುಂಬಾ ಸಂಗೀತ. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಆವರಣದ ಕಛೇರಿಗಳು ಹೆಸರಾದವು, ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿದೆ. ಶಾಸ್ತ್ರೀಯ ಸಂಗೀತ ತಿಳಿಯದಿದ್ದರೂ ಹೋಗಿ ಕೂರಬಹುದು. ದೊಡ್ಡ ಹೆಸರಿನ ಕಛೇರಿಗೆ ಟಿಕೆಟ್ ಮೊದಲೇ ನೋಡಿಕೊಳ್ಳಿ.

ರಾತ್ರಿ ಅಂದರೆ ಕರಗ. ಚೈತ್ರ ಹುಣ್ಣಿಮೆಯ ನಡುರಾತ್ರಿ ದಾಟಿದ ಮೇಲೆ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೂವಿನ ಕರಗ ಹೊರಡುತ್ತದೆ. ತಿಗಳ ಸಮುದಾಯದವರು ನಡೆಸುವ ಉತ್ಸವ ಇದು. ಕತ್ತಿ ಹಿಡಿದ ವೀರಕುಮಾರರು ಜೊತೆಗಿರುತ್ತಾರೆ, ಮೆರವಣಿಗೆ ಪೇಟೆಯ ಬೀದಿಗಳಲ್ಲಿ ಸಾಗಿ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗುತ್ತದೆ. ಮೊದಲ ಸಲ ಹೋಗುವವರು ದೇವಸ್ಥಾನದ ಬಾಗಿಲಲ್ಲೇ ನಿಲ್ಲಲು ಹೋಗುತ್ತಾರೆ. ಅಲ್ಲಿ ಉಸಿರಾಡಲೂ ಜಾಗ ಇರುವುದಿಲ್ಲ. ಮೆರವಣಿಗೆಯ ದಾರಿಯಲ್ಲಿ ಮುಂದೆ ಎಲ್ಲಾದರೂ ಜಗಲಿ ಹಿಡಿದು ನಿಲ್ಲಿ. ಬರುವಾಗ ಚಿಕ್ಕಪೇಟೆ ಮೆಟ್ರೊ ಆದೀತು. ಕೊನೆಯ ಮೆಟ್ರೊ ರಾತ್ರಿ 11ರ ಆಸುಪಾಸಿಗೇ ಹೋಗಿಬಿಡುವುದರಿಂದ ವಾಪಸ್ ಹೋಗುವ ದಾರಿ ಮೊದಲೇ ಯೋಚಿಸಿಡಿ. ತೀರಾ ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ಹಂತ 7: ಊರಾಚೆ ಒಂದು ಸಲ, ಕಾಫಿ ಹೂವಿಗೆ

ಇದು ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕವರು ಮರೆಯುವುದಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್ ನಡುವೆ ಬೀಳುವ ಮಳೆಗೆ ಹೂಮಳೆ ಅನ್ನುತ್ತಾರೆ. ಒಣಗಿ ಕಾಯುತ್ತಿದ್ದ ಕಾಫಿ ಮೊಗ್ಗು ಆ ಮಳೆಗೆ ಎಚ್ಚೆತ್ತು, ಸುಮಾರು 8ರಿಂದ 10 ದಿನಕ್ಕೆ ತೋಟ ಪೂರ್ತಿ ಬಿಳಿಯಾಗುತ್ತದೆ. ಮಲ್ಲಿಗೆಗೆ ಹತ್ತಿರದ ಪರಿಮಳ. ಎರಡು ಮೂರು ದಿನದಲ್ಲಿ ಹೂವು ಕಂದಿಹೋಗುತ್ತದೆ.

ಆದ್ದರಿಂದ ತಿಂಗಳ ಮೊದಲೇ ರೂಮು ಬುಕ್ ಮಾಡಿ ಕೂರುವುದರಿಂದ ಲಾಭವಿಲ್ಲ. ಅಲ್ಲಿನ ಪರಿಚಯದವರಿಗೋ ಹೋಂಸ್ಟೇಯವರಿಗೋ ಹೇಳಿಡಿ, ಮಳೆಯಾದ ದಿನ ಫೋನ್ ಮಾಡಲಿ. ಆ ದಿನದಿಂದ ಎಣಿಸಿಕೊಂಡು ಹೊರಡಿ. ತೋಟಗಾರರು ತುಂತುರು ನೀರಾವರಿ ಕೊಟ್ಟಿದ್ದರೆ ಮಳೆಯಿಲ್ಲದೆಯೂ ಹೂ ಬಂದಿರುತ್ತದೆ, ಅದನ್ನೂ ಕೇಳಿ. ಕೇಳದೆ ತೋಟದೊಳಗೆ ಕಾಲಿಡಬೇಡಿ, ಹೂ ಕೀಳಬೇಡಿ. ಒಂದು ಹೂವು ಹೋದರೆ ಒಂದು ಹಣ್ಣು ಹೋಯಿತು.

ಏಪ್ರಿಲ್ ಮಳೆಯ ಬಗ್ಗೆ

ಈ ಮಳೆ ಬರುವುದು ಹೆಚ್ಚಾಗಿ ಸಂಜೆ, ಜೊತೆಗೆ ಗಾಳಿ, ಗುಡುಗು. ಗುಲ್‌ಮೊಹರ್, ಹಳದಿ ಗುಲ್‌ಮೊಹರ್ ಕೊಂಬೆಗಳು ಬಲು ಮೆದು, ದೊಡ್ಡ ಗಾಳಿಗೆ ಮುರಿದು ಬೀಳುತ್ತವೆ. ಮೋಡ ಕಪ್ಪಾದರೆ ಮರದಡಿಯಿಂದ ಎದ್ದು ಕಟ್ಟಡ ಸೇರಿ. ಗಾಡಿಯನ್ನೂ ಆ ಮರಗಳ ಕೆಳಗೆ ನಿಲ್ಲಿಸಬೇಡಿ. ಬೈಕಿನಲ್ಲಿ ಹೋಗುವವರು ಒದ್ದೆ ಹೂವು ಹಾಸಿದ ತಿರುವಿನಲ್ಲಿ ನಿಧಾನಿಸಿ, ಚಕ್ರ ಜಾರುತ್ತದೆ. ಬಿದ್ದ ಕೊಂಬೆಯ ಜೊತೆ ವಿದ್ಯುತ್ ತಂತಿಯೂ ಬಿದ್ದಿದ್ದರೆ ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಬೇರೆಯವರನ್ನೂ ದೂರ ನಿಲ್ಲಿಸಿ.